ಎರಡು ವರ್ಷದ ಕೂಸಿನ ‘ನಾನು’: ಕನಕದಾಸರ ನೆಲದಲ್ಲೊಂದು ಅಹಂಕಾರ ವಿಚಾರ

ಅಹಂಕಾರವನ್ನು ಬಿಡದೆ ಬಿಡುಗಡೆಯಿಲ್ಲವೆಂದು ನಂಬಿದ ಮನೆಯಲ್ಲಿ, ಆ ಅಹಂಕಾರವೇ ಇನ್ನೂ ಮೊಳೆಯುತ್ತಿರುವ ಒಂದೂವರೆ, ಎರಡು ವರ್ಷದ ಮಗುವನ್ನು ಹೇಗೆ ನಡೆಸಿಕೊಳ್ಳಬೇಕು ಎಂಬುದು ಮೇಲ್ನೋಟಕ್ಕೆ ಮನೆವಾರ್ತೆಯ ಪ್ರಶ್ನೆಯಂತೆ ಕಂಡರೂ ಬುಡದಲ್ಲಿ ಅದು ತತ್ತ್ವದ ಪ್ರಶ್ನೆ. ಹಾವೇರಿ ಸೀಮೆಯಲ್ಲಿ ಇದಕ್ಕೆ ವಿಶೇಷವಾದ ತೂಕವೂ ಇದೆ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಜಿಲ್ಲೆಯಾದ ಈ ಭಾಗದಲ್ಲಿ ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ ಕನಕದಾಸರ ಆದಿಕೇಶವನ ನೆಲೆ. ರಾಣೆಬೆನ್ನೂರು ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಗಿರುವ ಚೌಡಯ್ಯದಾನಪುರ ಶರಣ ಅಂಬಿಗರ ಚೌಡಯ್ಯನ ಹೆಸರನ್ನು ಹೊತ್ತ ಊರು. ಹಾವೇರಿ ಪಟ್ಟಣದಲ್ಲಿ ಪುರದ ಸಿದ್ಧೇಶ್ವರನ ಹಳೆಯ ಗುಡಿಯೂ ಹುಕ್ಕೇರಿಮಠವೂ ಇವೆ. ದಾಸರೂ ಶರಣರೂ ಬೇರೆ ಬೇರೆ ದಾರಿಗಳಲ್ಲಿ ನಡೆದವರಾದರೂ ‘ನಾನು’ ಎಂಬ ಭಾವ ಕರಗುವುದನ್ನು ಸಾಧನೆಯ ತುದಿಯೆಂದು ಕಾಣುವುದರಲ್ಲಿ ಒಂದಾದರು. ಅದೇ ಊರುಗಳ ಪಡಸಾಲೆಗಳಲ್ಲಿ ಎರಡು ವರ್ಷದ ಕೂಸು ದಿನಕ್ಕೆ ಹತ್ತಾರು ಸಲ ‘ಒಲ್ಲೆ’, ‘ನಂದು’, ‘ನಾ ಮಾಡತೀನಿ’ ಎನ್ನುತ್ತದೆ. ಹಿರಿಯರು ಅದನ್ನು ಹಟವೆಂದು ಕರೆಯುತ್ತಾರೆ, ಹಟ ಮುರಿಯದಿದ್ದರೆ ಮಗು ಕೈಮೀರುತ್ತದೆಂದು ಅಂಜುತ್ತಾರೆ. ಈ ಅಂಜಿಕೆಗೆ ಧರ್ಮದ ಆಧಾರವಿದೆಯೇ ಎಂಬುದನ್ನು ವಿಚಾರಿಸುವುದು ಇಲ್ಲಿನ ಉದ್ದೇಶ.

ಕನಕದಾಸರ ಬಗ್ಗೆ ಜನಜನಿತವಾಗಿರುವ ಐತಿಹ್ಯಗಳಲ್ಲಿ ಒಂದು ಈ ವಿಚಾರದ ನಡುಮನೆಗೇ ಬಂದು ನಿಲ್ಲುತ್ತದೆ. ವ್ಯಾಸರಾಯರ ಸಭೆಯಲ್ಲಿ ಮೋಕ್ಷಕ್ಕೆ ಹೋಗಬಲ್ಲವರು ಯಾರೆಂಬ ಪ್ರಶ್ನೆ ಬಂದಾಗ, ಅಲ್ಲಿದ್ದ ಪಂಡಿತರಲ್ಲಿ ಯಾರೂ ಹೋಗಲಾರರೆಂದೂ, ನಾನೆಂಬುದು ಹೋದರೆ ತಾನು ಹೋಗಬಹುದೆಂದೂ ಕನಕರು ಉತ್ತರಿಸಿದರೆಂದು ಆ ಐತಿಹ್ಯ ಹೇಳುತ್ತದೆ. ಕೇಳಿದವರಿಗೆ ಮೊದಲು ಅದು ಸೊಕ್ಕಿನ ಮಾತಾಗಿ ಕಂಡು, ಅರ್ಥ ಬಿಡಿಸಿದ ಮೇಲೆ ವಿನಯದ ಮಾತಾಗಿ ತಿಳಿಯಿತೆಂಬಲ್ಲಿ ಕಥೆ ಮುಗಿಯುತ್ತದೆ. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಗಮನಿಸದ ಸಂಗತಿಯೊಂದಿದೆ. ಆ ಉತ್ತರ ಕೊಟ್ಟವರು ಬಾಡ ಎಂಬ ಊರಿನಲ್ಲಿ ಹುಟ್ಟಿ, ನಾಯಕರಾಗಿ ಆಳಿ, ಕಾಳಗದಲ್ಲಿ ಗಾಯಗೊಂಡು ಎದ್ದರೆಂದು ಹೇಳಲಾಗುವ, ‘ಮೋಹನತರಂಗಿಣಿ’ಯಂಥ ಕಾವ್ಯ ಬರೆಯಬಲ್ಲ, ಜಾತಿಯ ಕಾರಣಕ್ಕೆ ತಮ್ಮನ್ನು ಕೆಳಗಿಡುತ್ತಿದ್ದ ಸಭೆಯ ನಡುವೆ ನಿಂತು ಮಾತಾಡಬಲ್ಲ ಒಬ್ಬ ಪೂರ್ಣ ವ್ಯಕ್ತಿ. ಬಿಟ್ಟುಕೊಡುವ ಶಕ್ತಿ ಅವರಿಗೆ ಬಂದದ್ದು ಬಿಟ್ಟುಕೊಡುವುದಕ್ಕೆ ಅವರಲ್ಲಿ ಗಟ್ಟಿಯಾದದ್ದೊಂದು ಇದ್ದುದರಿಂದ. ಹಾಗಿರುವಾಗ, ಇನ್ನೂ ರೂಪುಗೊಳ್ಳದ ‘ನಾನು’ ಒಂದನ್ನು ಮುರಿದರೆ ಉಳಿಯುವುದು ವಿನಯವೋ ಭಯವೋ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಮಗುವಿನ ಮನಸ್ಸಿನ ಬೆಳವಣಿಗೆಯನ್ನು ಅಭ್ಯಾಸ ಮಾಡಿದವರು ಈ ‘ನಾನು’ ಕಾಣಿಸಿಕೊಳ್ಳುವ ಹೊತ್ತನ್ನು ಸಾಕಷ್ಟು ಖಚಿತವಾಗಿ ಗುರುತಿಸಿದ್ದಾರೆ. ಬ್ಯೂಲಾ ಆಮ್‌ಸ್ಟರ್‌ಡ್ಯಾಮ್ ಎಂಬ ಮನೋವಿಜ್ಞಾನಿ 1972ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಗುವಿಗೆ ತಿಳಿಯದಂತೆ ಮೂಗಿಗೆ ಕೆಂಪು ಬಣ್ಣದ ಬೊಟ್ಟಿಟ್ಟು ಕನ್ನಡಿಯ ಮುಂದೆ ಬಿಡಲಾಯಿತು. ಚಿಕ್ಕ ಕೂಸುಗಳು ಕನ್ನಡಿಯೊಳಗಿನ ಮಗುವನ್ನು ಗೆಳೆಯನೆಂದು ಬಗೆದು ನಕ್ಕರೆ, 20ರಿಂದ 24 ತಿಂಗಳ ಹೊತ್ತಿಗೆ ಹೆಚ್ಚಿನ ಮಕ್ಕಳು ಕೈಯನ್ನು ತಮ್ಮದೇ ಮೂಗಿಗೆ ಒಯ್ದವು. ಬೇರೆ ಸಮಾಜಗಳಲ್ಲಿ ಇದೇ ಪರೀಕ್ಷೆಯ ಫಲಿತಾಂಶ ಬೇರೆ ಬಂದದ್ದೂ ಉಂಟಾದ್ದರಿಂದ ಒಂದು ಕನ್ನಡಿಯನ್ನೇ ಎಲ್ಲರಿಗೂ ಅಳತೆಗೋಲು ಮಾಡಲಾಗದು; ಆದರೂ ತನ್ನನ್ನು ತಾನೇ ಹೊರಗಿನಿಂದ ಕಂಡುಕೊಳ್ಳುವ ಸಾಮರ್ಥ್ಯ, ಎರಡೆರಡು ಪದ ಕೂಡಿಸಿ ಮಾತಾಡುವುದು, ವಸ್ತುವನ್ನು ತನ್ನದೆಂದು ಹಿಡಿದುಕೊಳ್ಳುವುದು, ಹೇಳಿದ್ದಕ್ಕೆ ಎದುರಾಡುವುದು ಇವು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬರುತ್ತವೆಂಬುದು ತಾಯಂದಿರಿಗೂ ಗೊತ್ತಿರುವ ಸಂಗತಿ. ಎರಿಕ್ ಎರಿಕ್‌ಸನ್ 1950ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಹಂತವನ್ನು ಸ್ವಾಯತ್ತತೆಗೂ ನಾಚಿಕೆ, ಸಂಶಯಗಳಿಗೂ ನಡುವಿನ ಎಳೆದಾಟವೆಂದು ವರ್ಣಿಸಿದರು. ಸ್ವಾಯತ್ತತೆಯೆಂದರೆ ತನ್ನ ಕೈಕಾಲು ತನ್ನ ಮಾತು ಕೇಳುತ್ತವೆಂಬ ನೆಚ್ಚಿಕೆ; ಅದು ಬೇರೂರದಿದ್ದರೆ ಮಗು ತಾನು ಮಾಡುವುದೆಲ್ಲ ತಪ್ಪೆಂಬ ನಾಚಿಕೆಯನ್ನೂ ತನ್ನಿಂದ ಏನೂ ಆಗದೆಂಬ ಸಂಶಯವನ್ನೂ ಒಳಗಿಟ್ಟುಕೊಂಡು ಬೆಳೆಯುತ್ತದೆಂದು ಅವರ ಅಭಿಪ್ರಾಯ.

ಅಂದರೆ ಹಟವೆನ್ನುವುದು ಕೆಟ್ಟ ನಡತೆಯ ಮೊದಲ ಕುರುಹಲ್ಲ. ತನ್ನ ಇಚ್ಛೆಯೆಂಬುದೊಂದಿದೆ, ತಾಯಿಯ ಇಚ್ಛೆಯೆಂಬುದು ಅದಕ್ಕಿಂತ ಬೇರೆ ಎಂದು ಮಗು ಕಂಡುಕೊಂಡ ದಿನಗಳ ಸದ್ದು ಅದು. ಇಚ್ಛೆ ಬಂದಷ್ಟು ಬೇಗ ಅದನ್ನು ತಡೆದುಕೊಳ್ಳುವ ಬಲ ಬರುವುದಿಲ್ಲ. ಬೇಕಾದದ್ದನ್ನು ಕಾಯುವ, ಸಿಟ್ಟನ್ನು ನುಂಗುವ ಶಕ್ತಿ ಮೆದುಳಿನ ಮುಂಭಾಗಕ್ಕೆ ಸೇರಿದ್ದು, ಆ ಭಾಗ ಪಕ್ವವಾಗಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಮಾತೂ ಅರೆಬರೆಯಾಗಿರುವುದರಿಂದ ಒಳಗಿನದನ್ನು ಹೇಳಿ ಹಗುರಾಗುವ ದಾರಿಯೂ ಮಗುವಿಗೆ ಇರುವುದಿಲ್ಲ. ನೆಲಕ್ಕೆ ಬಿದ್ದು ಹೊರಳಾಡಿ ರಚ್ಚೆ ಹಿಡಿಯುವ ಎರಡು ವರ್ಷದ ಮಗು ಹಿರಿಯರನ್ನು ಸೋಲಿಸಲು ಹೊರಟಿದೆಯೆಂದು ಭಾವಿಸುವುದು, ಅದಕ್ಕೆ ಇನ್ನೂ ಬಂದಿರದ ಲೆಕ್ಕಾಚಾರವನ್ನು ಅದರ ತಲೆಗೆ ಕಟ್ಟಿದಂತೆ.

ಇಲ್ಲಿಗೆ ದರ್ಶನದ ಪ್ರಶ್ನೆ ತಲೆಯೆತ್ತುತ್ತದೆ. ಕನಕದಾಸರು ಸೇರಿದ ಹರಿದಾಸ ಪರಂಪರೆ ಮಧ್ವಾಚಾರ್ಯರ ದ್ವೈತ ಸಿದ್ಧಾಂತವನ್ನು ಒಪ್ಪಿದ್ದು. ಆ ಸಿದ್ಧಾಂತದಲ್ಲಿ ಜೀವನು ಭ್ರಮೆಯಲ್ಲ. ಜೀವನಿಗೂ ಈಶ್ವರನಿಗೂ, ಒಬ್ಬ ಜೀವನಿಗೂ ಇನ್ನೊಬ್ಬ ಜೀವನಿಗೂ ಇರುವ ಭೇದ ನಿತ್ಯವಾದದ್ದು, ಮುಕ್ತಿಯಲ್ಲಿಯೂ ಅಳಿಯದ್ದು. ಇರುವ ವಸ್ತುಗಳನ್ನೆಲ್ಲ ಮಧ್ವರು ಸ್ವತಂತ್ರ ಮತ್ತು ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸುತ್ತಾರೆ; ತನ್ನ ಇರವಿಗೂ ಕ್ರಿಯೆಗೂ ಇನ್ನೊಬ್ಬರನ್ನು ಆಶ್ರಯಿಸದವನು ಸ್ವತಂತ್ರ, ಅದು ಹರಿಯೊಬ್ಬನೇ, ಉಳಿದದ್ದೆಲ್ಲ ಆಶ್ರಯಿಸಿ ಇರುವಂಥದ್ದು. ಆದ್ದರಿಂದ ಈ ದರ್ಶನದಲ್ಲಿ ಬಿಡಬೇಕಾದ ಅಹಂಕಾರವೆಂದರೆ ತಾನೇ ಸ್ವತಂತ್ರ ಕರ್ತನೆಂಬ ತಪ್ಪು ತಿಳಿವಳಿಕೆಯೇ ಹೊರತು ತಾನೊಬ್ಬ ಬೇರೆಯಾದ ಜೀವನೆಂಬ ಅರಿವಲ್ಲ. ಎರಡು ವರ್ಷದ ಮಗು ಮೊದಲ ಬಾರಿಗೆ ಕಂಡುಕೊಳ್ಳುತ್ತಿರುವುದು ಈ ಎರಡನೆಯದನ್ನು. ತಾನು ಯಾರ ಆಸರೆಯೂ ಇಲ್ಲದೆ ಇರಬಲ್ಲೆನೆಂಬ ಗರ್ವ ಅದಕ್ಕೆ ಸಾಧ್ಯವೇ ಇಲ್ಲ. ‘ನಾ ಮಾಡತೀನಿ’ ಎಂದು ತಾಯಿಯ ಕೈ ಕೊಸರಿಕೊಂಡು ನಾಲ್ಕು ಹೆಜ್ಜೆ ಓಡಿದ ಮಗು, ತಾಯಿ ಹಿಂದೆಯೇ ಇದ್ದಾಳೋ ಇಲ್ಲವೋ ಎಂದು ತಿರುಗಿ ನೋಡುತ್ತದೆ. ಬೇರೆತನವನ್ನೂ ಆಶ್ರಯವನ್ನೂ ಒಟ್ಟಿಗೆ ಬದುಕುವ ಈ ನಡೆಯಲ್ಲಿ ದ್ವೈತದ ಜೀವಲಕ್ಷಣ ಎಷ್ಟು ಸ್ಪಷ್ಟವಾಗಿ ಕಾಣುತ್ತದೆಂದರೆ, ಅದನ್ನು ಅಹಂಕಾರವೆಂದು ದಂಡಿಸುವವರು ಕನಕದಾಸರ ಮಾತನ್ನು ತಪ್ಪಾಗಿ ಓದಿದ್ದಾರೆಂದೇ ಹೇಳಬೇಕಾಗುತ್ತದೆ.

ಅದ್ವೈತದ ಕಡೆಯಿಂದ ನೋಡಿದರೂ ತೀರ್ಮಾನ ಬಹಳ ಬೇರೆಯಾಗುವುದಿಲ್ಲ. ಬೃಹದಾರಣ್ಯಕ ಉಪನಿಷತ್ತು ಪಾಂಡಿತ್ಯವನ್ನು ಮುಗಿಸಿದ ಜ್ಞಾನಿ ಬಾಲ್ಯದಲ್ಲಿ ನಿಲ್ಲಬೇಕೆಂದು ವಿಧಿಸುತ್ತದೆ. ಬಾಲ್ಯದಲ್ಲಿ ನಿಲ್ಲುವುದೆಂದರೇನೆಂಬ ಚರ್ಚೆ ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ಬಂದಾಗ ಶಂಕರಾಚಾರ್ಯರು ತಮ್ಮ ಭಾಷ್ಯದಲ್ಲಿ ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಮಗುವಿನ ವಯಸ್ಸನ್ನು ಯಾರೂ ಮತ್ತೆ ತಂದುಕೊಳ್ಳಲಾರರು. ಕಂಡಲ್ಲಿ ಮಲಮೂತ್ರ ಮಾಡುವಂಥ ಕಟ್ಟಿಲ್ಲದ ನಡತೆಯನ್ನು ಜ್ಞಾನಿಗೆ ವಿಧಿಸುವುದೂ ಸಲ್ಲದು. ಆದ್ದರಿಂದ ಡಂಭ ದರ್ಪಗಳಿಲ್ಲದ, ತನ್ನ ಹಿರಿಮೆಯನ್ನು ಪ್ರಕಟಿಸಿಕೊಳ್ಳದ ಒಳಗಿನ ಶುದ್ಧಿಯೇ ಅಲ್ಲಿ ಉದ್ದೇಶಿಸಿದ ಬಾಲ್ಯವೆಂದು ಅವರು ನಿರ್ಣಯಿಸುತ್ತಾರೆ. ಭಾಷ್ಯಕಾರರ ಗಮನ ಸಂನ್ಯಾಸಿಯ ಮೇಲಿದೆ, ಮಗುವಿನ ಮೇಲಿಲ್ಲ ಎಂಬುದು ನಿಜ. ಆದರೂ ಆ ನಿರ್ಣಯದೊಳಗೆ ಮಗುವಿನ ಬಗ್ಗೆ ಒಂದು ತಿಳಿವಳಿಕೆ ಅಡಗಿದೆ: ಹೊರಗೆ ಕಾಣುವ ಕಟ್ಟಿಲ್ಲದ ನಡತೆ ಬೇರೆ, ಒಳಗಿನ ದರ್ಪ ಬೇರೆ, ಮಗುವಿನಲ್ಲಿ ಮೊದಲನೆಯದು ಇದೆ, ಎರಡನೆಯದು ಇಲ್ಲ.

ಈ ತಿಳಿವಳಿಕೆ ಶಾಸ್ತ್ರದ ವಾಕ್ಯಗಳಿಗಿಂತ ಹೆಚ್ಚು ತುಂಬಿಕೊಂಡು ಬಂದಿರುವುದು ಭಾಗವತದ ಹತ್ತನೆಯ ಸ್ಕಂಧದಲ್ಲಿ. ಕೃಷ್ಣನಿಗೆ ದಾಮೋದರನೆಂಬ ಹೆಸರು ಬಂದ ಪ್ರಸಂಗವನ್ನು ಮಗುವಿನ ಬೆಳವಣಿಗೆಯ ಕಣ್ಣಿನಿಂದ ಓದಿದರೆ ಅದರ ಸೂಕ್ಷ್ಮಗಳು ಬೆರಗು ಹುಟ್ಟಿಸುತ್ತವೆ. ಯಶೋದೆ ಮೊಸರು ಕಡೆಯುವಾಗ ಹಾಲು ಕುಡಿಯಲು ಬಂದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಾಳೆ. ಒಲೆಯ ಮೇಲಿನ ಹಾಲು ಉಕ್ಕಿದ್ದರಿಂದ ಹೊಟ್ಟೆ ತುಂಬದ ಮಗುವನ್ನು ಕೆಳಗಿಳಿಸಿ ಒಳಗೆ ಓಡುತ್ತಾಳೆ. ಅಲ್ಲಿಂದ ಹಟ ಶುರುವಾಗುತ್ತದೆ. ಸಿಟ್ಟಿನಲ್ಲಿ ತುಟಿ ಕಚ್ಚಿದ ಮಗು ಕಲ್ಲಿನಿಂದ ಮೊಸರಿನ ಗಡಿಗೆ ಒಡೆದು, ಬೆಣ್ಣೆ ಕದ್ದು, ಮಗುಚಿದ ಒರಳಿನ ಮೇಲೆ ಕೂತು ಮಂಗಗಳಿಗೆ ಹಂಚುತ್ತದೆ. ಸಿಟ್ಟಿಗೆ ಕಾರಣವಿದೆಯೆಂಬುದನ್ನು, ಅದು ಅರ್ಧಕ್ಕೆ ನಿಂತ ಅಕ್ಕರೆಯ ಸಿಟ್ಟೆಂಬುದನ್ನು ಪುರಾಣಕಾರ ಮರೆಮಾಚುವುದಿಲ್ಲ. ಬೆತ್ತ ಹಿಡಿದು ಬಂದ ತಾಯಿ, ಮಗು ಹೆದರಿದ್ದನ್ನು ಕಂಡು ಬೆತ್ತ ಬಿಸಾಡುತ್ತಾಳೆ. ಆಮೇಲೆ ಹಗ್ಗದಿಂದ ಕಟ್ಟಹೋದರೆ ಹಗ್ಗ ಎರಡು ಬೆರಳು ಕಡಿಮೆ. ಇನ್ನೊಂದು ಹಗ್ಗ ಕೂಡಿಸಿದರೂ ಎರಡು ಬೆರಳು ಕಡಿಮೆ. ಮನೆಯ ಹಗ್ಗಗಳೆಲ್ಲ ಮುಗಿದರೂ ಅಷ್ಟೇ. ಕೊನೆಗೆ ಬೆವರಿ, ಮುಡಿದ ಹೂ ಜಾರಿ ದಣಿದ ತಾಯಿಯನ್ನು ನೋಡಿ ಕರುಣೆಯಿಂದ ಮಗುವೇ ಕಟ್ಟಿಸಿಕೊಳ್ಳುತ್ತದೆ.

ಭಕ್ತಿಪಂಥದ ವ್ಯಾಖ್ಯಾನಕಾರರು ಆ ಎರಡು ಬೆರಳನ್ನು ಭಕ್ತನ ಪ್ರಯತ್ನ ಮತ್ತು ಭಗವಂತನ ಕೃಪೆ ಎಂದು ವಿವರಿಸುತ್ತಾರೆ. ಅದೇ ವಿವರಣೆ ತಾಯಿಮಗುವಿನ ಸಂಬಂಧಕ್ಕೂ ಒಪ್ಪುತ್ತದೆ: ಹಿರಿಯರ ಬಲ ಎಷ್ಟಿದ್ದರೂ ಶಿಸ್ತು ಎರಡು ಬೆರಳು ಕಡಿಮೆ ಬೀಳುತ್ತದೆ, ಉಳಿದದ್ದನ್ನು ತುಂಬಿಕೊಡುವುದು ಮಗುವಿನ ಒಪ್ಪಿಗೆ, ಆ ಒಪ್ಪಿಗೆ ಬರುವುದು ಬೆತ್ತ ಕೆಳಗೆ ಬಿದ್ದ ಮೇಲೆ. ಕಥೆ ಅಲ್ಲಿಗೂ ನಿಲ್ಲುವುದಿಲ್ಲ. ಒರಳನ್ನು ಎಳೆದುಕೊಂಡು ಎರಡು ಮತ್ತಿಮರಗಳ ನಡುವೆ ತೆವಳಿದ ಮಗು ಅವನ್ನು ಬುಡಸಹಿತ ಬೀಳಿಸಿದಾಗ, ಐಶ್ವರ್ಯದ ಮದದಿಂದ ನಾರದರ ಶಾಪಕ್ಕೆ ಗುರಿಯಾಗಿ ಮರಗಳಾಗಿದ್ದ ಕುಬೇರನ ಮಕ್ಕಳು ಬಿಡುಗಡೆ ಹೊಂದುತ್ತಾರೆ. ಅಹಂಕಾರವೆಂಬ ದೋಷ ಈ ಪ್ರಸಂಗದಲ್ಲಿ ಇರುವುದು ಬೆಳೆದವರಲ್ಲಿ, ಹಣವಂತರಲ್ಲಿ. ಗಡಿಗೆ ಒಡೆದ ಮಗುವಿನಲ್ಲಿ ಅದನ್ನು ಪುರಾಣ ಕಾಣುವುದೇ ಇಲ್ಲ. ಕನ್ನಡದ ದಾಸರು ಈ ಬಾಲಕೃಷ್ಣನನ್ನು ಮತ್ತೆ ಮತ್ತೆ ಹಾಡಿದರು. ಗುಮ್ಮನಿಗೆ ಹೆದರಿ ತಾಯಿಯನ್ನು ಬೇಡಿಕೊಳ್ಳುವ ಕೃಷ್ಣನನ್ನು ಪುರಂದರದಾಸರು ಚಿತ್ರಿಸಿದರು. ನಾನೆಂಬುದನ್ನು ಬಿಡಬೇಕೆಂದ ಪರಂಪರೆಯೇ ಮಾತು ಕೇಳದ ಕೂಸೊಂದನ್ನು ದೇವರೆಂದು ಪೂಜಿಸಿದ್ದು ವಿರೋಧಾಭಾಸವಲ್ಲ; ಎರಡು ‘ನಾನು’ಗಳ ನಡುವಿನ ಅಂತರವನ್ನು ಆ ಪರಂಪರೆ ಬಲ್ಲದು.

ಆದರೆ ಪೂಜೆಯ ಕೋಣೆಯಲ್ಲಿ ಬಲ್ಲದ್ದು ಅಡುಗೆಮನೆಯ ತನಕ ಬಂದಿಲ್ಲ. ಊಟ ಒಲ್ಲೆನೆಂದ ಮಗುವಿಗೆ ಗುಮ್ಮ ಬರುತ್ತಾನೆಂದೂ, ಪೊಲೀಸರು ಒಯ್ಯುತ್ತಾರೆಂದೂ, ಸುಳ್ಳು ಹೇಳಿದರೆ ದೇವರು ಕಣ್ಣು ಕಳೆಯುತ್ತಾನೆಂದೂ ಹೇಳುವುದು ಇಂದಿಗೂ ನಡೆದಿದೆ. ಕರಿಕಂಬಳಿ ಹೊದ್ದು, ಡಮರು ಬಾರಿಸುತ್ತ ಬರುವ ಮೈಲಾರಲಿಂಗನ ಗೊರವಯ್ಯ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಸುತ್ತಲ ಹಳ್ಳಿಗಳಲ್ಲಿ ಪೂಜ್ಯನಾದವನು. ಅಂಥವನನ್ನೂ ಕೂಸಿಗೆ ಹೆದರಿಕೆಯ ರೂಪವಾಗಿ ತೋರಿಸಿದರೆ ಭಕ್ತಿಯ ಜಾಗದಲ್ಲಿ ಮೊದಲು ಕೂರುವುದು ಭಯ. ಎರಡು ವರ್ಷದ ಮಗು ಕಲ್ಪನೆಯನ್ನೂ ನಿಜವನ್ನೂ ಬೇರ್ಪಡಿಸಲಾರದಾದ್ದರಿಂದ ಕಣ್ಣು ಕಳೆಯುವ ದೇವರು ಅದಕ್ಕೆ ಮಾತಿನ ಮಟ್ಟದ ಬೆದರಿಕೆಯಾಗಿ ಉಳಿಯುವುದಿಲ್ಲ. ದೇವರ ಮೊದಲ ಪರಿಚಯವನ್ನು ಹೀಗೆ ಮಾಡಿಕೊಡುವುದು ಧರ್ಮಕ್ಕೇ ಅಪಚಾರ. ಇದಕ್ಕೆ ಹೋಲಿಸಿದರೆ ಅಜ್ಜಿಯರು ಮೆಣಸಿನಕಾಯಿ, ಉಪ್ಪು ನಿವಾಳಿಸಿ ದೃಷ್ಟಿ ತೆಗೆಯುವ ರೂಢಿಯಲ್ಲಿ ಒಂದು ಕರುಣೆಯಿದೆ; ಮಗು ರಚ್ಚೆ ಹಿಡಿದದ್ದಕ್ಕೆ ಕಾರಣ ಮಗುವಿನ ಕೆಟ್ಟತನದಲ್ಲಿಲ್ಲ, ಹೊರಗೆಲ್ಲೋ ಇದೆಯೆಂದು ಅದು ಬಗೆಯುತ್ತದೆ, ಆ ನೆಪದಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ನೇವರಿಸುತ್ತದೆ. ಜ್ವರವನ್ನೂ ಕಿವಿನೋವನ್ನೂ ದೃಷ್ಟಿಯೆಂದು ತಳ್ಳಿಹಾಕಿ ವೈದ್ಯರ ಬಳಿ ಹೋಗುವುದು ತಡವಾಗದಿದ್ದರೆ, ಆ ರೂಢಿಯನ್ನು ಬೈಯಬೇಕಾದ ಕಾರಣವೇ ಇಲ್ಲ.

ಲಿಂಗಾಯತ ಮನೆತನಗಳಲ್ಲಿ ಮಗುವಿನ ವ್ಯಕ್ತಿತ್ವವನ್ನು ಕುರಿತ ಇನ್ನೊಂದು ಗಹನವಾದ ವಿಚಾರ ಆಚರಣೆಯ ರೂಪದಲ್ಲಿ ಉಳಿದುಬಂದಿದೆ. ಇಷ್ಟಲಿಂಗವೆಂದರೆ ಗುರುವಿನಿಂದ ಪಡೆದು ಮೈಮೇಲೆ ಧರಿಸುವ, ಒಬ್ಬೊಬ್ಬರಿಗೂ ಬೇರೆಯಾದ, ಇನ್ನೊಬ್ಬರಿಗೆ ಕೊಡಬಾರದ ಲಿಂಗ. ತಾಯಿಯ ಗರ್ಭದಲ್ಲಿರುವಾಗಲೇ ಎಂಟನೆಯ ತಿಂಗಳಲ್ಲಿ ಶಿಶುವಿಗೆ ಲಿಂಗಸಂಬಂಧ ಮಾಡುವ ವಿಧಿಯೂ, ಹುಟ್ಟಿದ ಮೇಲೆ ಅಯ್ಯನವರನ್ನು ಕರೆಸಿ ಲಿಂಗಧಾರಣೆ ಮಾಡಿಸುವ ರೂಢಿಯೂ ಇವೆ. ಮಂತ್ರೋಪದೇಶದ ದೀಕ್ಷೆ ಮುಂದೆ, ತಿಳಿವಳಿಕೆ ಬಂದ ವಯಸ್ಸಿನಲ್ಲಿ ನಡೆಯುತ್ತದೆ. ಮಾತು ಬರುವ, ನಡೆಯುವ, ತಾಯಿಯ ಮುಖ ಗುರುತಿಸುವ ಮೊದಲೇ ಮಗುವಿಗೆ ತನ್ನದೇ ಆದ ಲಿಂಗವಿದೆಯೆಂದರೆ, ಅದು ತಂದೆಯ ಅಥವಾ ಮನೆತನದ ಒಂದು ಭಾಗವಾಗಿ ಉಳಿಯದೆ ದೈವದೊಡನೆ ನೇರ ಸಂಬಂಧವುಳ್ಳ ಬೇರೊಂದು ವ್ಯಕ್ತಿಯೆಂದು ಧರ್ಮವೇ ಸಾರಿದಂತೆ. ಶರಣರ ಷಟ್‌ಸ್ಥಲ, ಅಂದರೆ ಸಾಧಕ ಏರುವ ಆರು ನೆಲೆಗಳ ಕ್ರಮ, ಇದನ್ನು ಇನ್ನೊಂದು ಬಗೆಯಲ್ಲಿ ಸ್ಪಷ್ಟಪಡಿಸುತ್ತದೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಎಂಬ ಐದನ್ನು ಹಾಯ್ದ ಮೇಲೆ ಐಕ್ಯ ಬರುತ್ತದೆ. ಭಕ್ತನಾಗದೆ ಐಕ್ಯನಾಗುವ ಅಡ್ಡದಾರಿಯಿಲ್ಲ, ಭಕ್ತನಾಗಬೇಕಾದರೆ ಅರ್ಪಿಸುವವನೊಬ್ಬ ಇರಲೇಬೇಕು. ಮೂರು ವರ್ಷದೊಳಗಿನ ಮಗುವಿನಿಂದ ಐಕ್ಯದ ಫಲವನ್ನು ಬಯಸುವ ಹಿರಿಯರು ಏಣಿಯ ಕೊನೆಯ ಮೆಟ್ಟಿಲನ್ನು ಮೊದಲು ಹತ್ತಿಸಲು ಹೊರಟಂತಾಗುತ್ತದೆ.

ಅರ್ಪಿಸುವ ಭಾವ ಮಗುವಿನಲ್ಲಿ ಯಾವಾಗ ಬರುತ್ತದೆಂಬ ಪ್ರಶ್ನೆಗೆ ವಿಜ್ಞಾನ ಕೊಟ್ಟಿರುವ ಉತ್ತರ ಸಂತೋಷ ತರುವಂಥದ್ದು. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಪರಿಚಿತನೊಬ್ಬ ವಸ್ತುವನ್ನು ಬೀಳಿಸಿ ಎಟುಕದೆ ಒದ್ದಾಡಿದಾಗ 18 ತಿಂಗಳ ಮಕ್ಕಳು ಯಾರೂ ಹೇಳದೆ ಎದ್ದುಹೋಗಿ ಎತ್ತಿಕೊಟ್ಟವು. ಎರಡು ವರ್ಷಗಳ ನಂತರ ಅವರೇ ಮಾಡಿದ ಇನ್ನೊಂದು ಅಧ್ಯಯನದಲ್ಲಿ, ನೆರವಿಗೆ ಪ್ರತಿಯಾಗಿ ಆಟಿಕೆಯ ಬಹುಮಾನ ಪಡೆದ 20 ತಿಂಗಳ ಮಕ್ಕಳು ಮುಂದೆ ಬಹುಮಾನವಿಲ್ಲದಾಗ ಉಳಿದವರಿಗಿಂತ ಕಡಿಮೆ ನೆರವಾದವು. ‘ನಂದು’ ಎಂದು ಕಸಿದುಕೊಳ್ಳುವ ವಯಸ್ಸಿಗೂ ಕೇಳದೆ ಕೊಡುವ ವಯಸ್ಸಿಗೂ ಅಂತರವೇ ಇಲ್ಲ. ತನ್ನದೆಂಬುದು ತಿಳಿದ ಮಗುವಿಗೇ ಇನ್ನೊಬ್ಬರದೆಂಬುದೂ ತಿಳಿಯುತ್ತದೆ. ಪ್ರತಿಫಲದ ಆಸೆ ತೋರಿಸಿದರೆ ಕೊಡುವ ಗುಣ ಬಾಡುತ್ತದೆಂಬ ಫಲಿತಾಂಶವನ್ನು ಕಾಯಕ, ದಾಸೋಹಗಳನ್ನು ಕೇಳಿ ಬೆಳೆದ ನಾಡು ಅಚ್ಚರಿಯಿಂದ ನೋಡಬೇಕಾಗಿಲ್ಲ. ಬಾಗಿಲಿಗೆ ಬಂದ ಜಂಗಮನ ಜೋಳಿಗೆಗೆ ಕೂಸಿನ ಕೈಯಿಂದಲೇ ಹಿಡಿ ಜೋಳ ಹಾಕಿಸುವ ತಾಯಂದಿರು ಈ ಭಾಗದಲ್ಲಿ ಯಾವ ಪ್ರಯೋಗಶಾಲೆಯ ಸಲಹೆಯೂ ಇಲ್ಲದೆ ಸರಿಯಾದದ್ದನ್ನು ಮಾಡುತ್ತ ಬಂದಿದ್ದಾರೆ. ಕಾಳು ಅರ್ಧ ನೆಲಕ್ಕೆ ಚೆಲ್ಲಿದರೂ ಸರಿ, ಕೊಟ್ಟದ್ದು ತನ್ನ ಕೈ ಎಂಬುದು ಮಗುವಿಗೆ ಗೊತ್ತಾಗುತ್ತದೆ.

ಇದರಿಂದ ಹೊರಡುವ ಆಸರೆಯ ಕ್ರಮ ದುಬಾರಿಯದೇನಲ್ಲ. ಮಗು ತನ್ನ ಕೈಯಿಂದ ರೊಟ್ಟಿ ಹಾಲು ಕಲಸಿ ತಿನ್ನಲು ಹವಣಿಸುವಾಗ ಮೈಯೆಲ್ಲ ಬಳಿದುಕೊಂಡರೂ ಬಿಡುವುದು. ಅಂಗಿ ತೊಡು ಎಂದು ಆಜ್ಞಾಪಿಸುವ ಬದಲು ಕೆಂಪಂಗಿಯೋ ಹಸಿರಂಗಿಯೋ ಎಂದು ಕೇಳಿ ಆರಿಸಲು ಕೊಡುವುದು. ಬೆಂಕಿ, ಬಾವಿ, ರಸ್ತೆಯ ವಿಷಯದಲ್ಲಿ ಮಾತ್ರ ಎಂದೂ ಸಡಿಲಿಸದೆ ಗಟ್ಟಿಯಾಗಿ ತಡೆಯುವುದು. ರಚ್ಚೆ ಹಿಡಿದಾಗ ಹತ್ತಿರವೇ ಕೂತು, ಸಿಟ್ಟು ಬಂದಿದೆ ಅಲ್ಲವೇ ಎಂದು ಅದರ ಒಳಗಿನದಕ್ಕೆ ಹೆಸರು ಕೊಟ್ಟು, ಇಳಿಯುವ ತನಕ ಕಾಯುವುದು. ಎಲ್ಲಕ್ಕಿಂತ ಮುಖ್ಯವಾದದ್ದು ಮಾತು. ಹಿಟ್ಟು ನಾದುವಾಗ, ಎಮ್ಮೆ ಕಟ್ಟುವಾಗ, ಕಾಳು ಹಸನು ಮಾಡುವಾಗ ಮಗುವಿನೊಡನೆ ಆಡುವ ಮಾತು, ಅದು ತೊದಲಿದ್ದಕ್ಕೆ ಕೊಡುವ ಮರುಮಾತು ಮೆದುಳಿನ ಬೆಳವಣಿಗೆಗೆ ಆಹಾರದಷ್ಟೇ ಬೇಕಾದದ್ದು. ಆ ಮಾತನ್ನು ಮೊಬೈಲು ಆಡಲಾರದು. ಒಂದು ವರ್ಷದ ಮಗುವಿಗೆ ಪರದೆಯೇ ಬೇಡವೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸು ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ಬೆಳವಣಿಗೆ ಎಲ್ಲ ಮಕ್ಕಳಲ್ಲಿ ಒಂದೇ ಹದದಲ್ಲಿ ಸಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯದೇ ಅಧ್ಯಯನದಂತೆ ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ನಡೆಯತೊಡಗುವುದು 8.2 ತಿಂಗಳಿನಿಂದ 17.6 ತಿಂಗಳ ತನಕ ಯಾವಾಗಲಾದರೂ ಆಗಬಹುದು. ಆದ್ದರಿಂದ ಓರಗಿತ್ತಿಯ ಮಗುವಿನೊಡನೆ ಹೋಲಿಸಿ ಕೊರಗುವುದು ವ್ಯರ್ಥ. ಆದರೆ ಒಂದೂವರೆ ವರ್ಷವಾದರೂ ನಡೆಯದ, ಒಂದು ಪದವೂ ಬಾರದ, ಹೆಸರು ಕೂಗಿದರೆ ತಿರುಗದ, ಎರಡು ವರ್ಷ ದಾಟಿದರೂ ಎರಡು ಪದ ಕೂಡಿಸದ ಮಗುವನ್ನು, ಅದರ ಅಪ್ಪನೂ ತಡವಾಗಿ ಮಾತಾಡಿದ್ದನೆಂಬ ಸಮಾಧಾನದಲ್ಲಿ ಕೂರಿಸಿಕೊಳ್ಳುವುದು ಅಪಾಯ. ಇಂಥ ಹೊತ್ತಿನಲ್ಲಿ ಮನೆಯವರ ಬಾಯಿಗೆ ಮೊದಲು ಬರುವುದು ಹಣೆಬರಹದ ಮಾತು. ಮಗು ಹುಟ್ಟಿದ ಐದಾರು ದಿನಗಳಲ್ಲಿ ಸೆಟಿವಿ ತಾಯಿ ಬಂದು ಹಣೆಯ ಮೇಲೆ ಬರೆಯುತ್ತಾಳೆಂಬ ನಂಬಿಕೆ ಉತ್ತರ ಕರ್ನಾಟಕದಲ್ಲಿ ವ್ಯಾಪಕವಾಗಿದ್ದು, ನಿದ್ದೆಯಲ್ಲಿ ನಗುವ ಕೂಸನ್ನು ಅವಳೇ ನಗಿಸುತ್ತಾಳೆಂದು ಹೇಳುವ ಅದರ ಮುದ್ದಾದ ಮುಖವೂ ಒಂದಿದೆ. ಆ ಬರಹವನ್ನು ಕೈಕಟ್ಟಿ ಕೂರಲು ಕೊಟ್ಟ ಅಪ್ಪಣೆಯೆಂದು ಓದಬೇಕಾಗಿಲ್ಲವೆಂಬುದಕ್ಕೆ ಈ ನೆಲದ್ದೇ ಸಾಕ್ಷಿಯಿದೆ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟುಗುರುಡನಾಗಿ ಜನಿಸಿದ ಬಾಲಕನನ್ನು ಪೂರ್ವಜನ್ಮದ ಕರ್ಮವೆಂದು ಬದಿಗಿಡದೆ ಸಂಗೀತ ಕಲಿಸಲು ಏರ್ಪಾಡು ಮಾಡಿದವರು, ರಾಣೆಬೆನ್ನೂರು ತಾಲ್ಲೂಕಿನಲ್ಲಿ ಹುಟ್ಟಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರ ಸ್ವಾಮಿಗಳು. ಆ ಬಾಲಕ ಮುಂದೆ ಪಂಚಾಕ್ಷರಿ ಗವಾಯಿಗಳಾದರು, ಹಸುಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡ ಪುಟ್ಟರಾಜರನ್ನು ತಮ್ಮ ಶಿಷ್ಯರನ್ನಾಗಿ ಬೆಳೆಸಿದರು. ಇಂದು ಆ ಕೆಲಸಕ್ಕೆ ಸರ್ಕಾರದ ಏರ್ಪಾಡುಗಳೂ ಇವೆ: 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಗಳು ವರ್ಷಕ್ಕೆ ಎರಡು ಬಾರಿ ಅಂಗನವಾಡಿಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡಬೇಕು, ಗರ್ಭಿಣಿಗೆ ಕೊಡುವ ತಾಯಿ ಕಾರ್ಡಿನಲ್ಲಿಯೇ ಮಗು ಯಾವ ತಿಂಗಳಲ್ಲಿ ಏನು ಮಾಡಬೇಕೆಂಬ ಚಿತ್ರಗಳಿವೆ.

ಇಷ್ಟೆಲ್ಲ ಹೇಳಿದ ಮೇಲೂ, ಮಗುವಿನ ‘ನಾನು’ ಬೆಳೆಯಲು ಬೇಕಾದ ಸಾವಧಾನ ಯಾರ ಬಳಿಯಿದೆಯೆಂಬ ಪ್ರಶ್ನೆ ಉಳಿಯುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ವರ್ಷದ ಮೊದಲ ತಿಂಗಳುಗಳಲ್ಲಿ ಕೆಂಪೇರುತ್ತದೆ. ರಾಶಿಗಳ ಮುಂದೆ ಕೂತು ಕಾಯಿ ವಿಂಗಡಿಸುವವರು, ತೊಟ್ಟು ಬಿಡಿಸುವವರು ಬಹುತೇಕ ಹೆಂಗಸರು, ಬಿಡಿಸಿದ ತೂಕಕ್ಕೆ ತಕ್ಕಂತೆ ಕೂಲಿ. ರಾಣೆಬೆನ್ನೂರಿನ ಸುತ್ತಲ ಹತ್ತಿ, ತರಕಾರಿ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿಗೆ ಹೂವು ಸೋಕಿಸುವ ಕೆಲಸವೂ ಅವರದೇ. ಜೊತೆಗೆ ಬಂದ ಕೂಸು ಘಾಟಿನ ಧೂಳಿನಲ್ಲಿ ಸೀನುತ್ತ ಚೀಲದ ಮೇಲೆ ಮಲಗುತ್ತದೆ, ಇಲ್ಲವೇ ಬದುವಿನ ಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ. ಏಳು ವರ್ಷದ ಅಕ್ಕ ಶಾಲೆ ಬಿಟ್ಟು ಅದನ್ನು ಕಾಯುತ್ತಾಳೆ. ಆ ತಾಯಿಗೆ ಮಗುವಿನ ಹಟವನ್ನು ಕೂತು ಕೇಳು ಎಂದು ಉಪದೇಶಿಸುವುದು ಅನ್ಯಾಯ. 2023–24ರ ರಾಜ್ಯ ಬಜೆಟ್ಟಿನಲ್ಲಿ ಸಾರಿದ 4,000 ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರಗಳು ಗ್ರಾಮ ಪಂಚಾಯಿತಿಗಳ, ಉದ್ಯೋಗಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ರೂಪುಗೊಂಡವು. ಪಟ್ಟಣದ ಗೋದಾಮಿನಲ್ಲಿ ತೊಟ್ಟು ಬಿಡಿಸುವ ತಾಯಿ ಆ ಲೆಕ್ಕಕ್ಕೆ ಬರುವುದಿಲ್ಲ. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರವಿರಬೇಕೆಂಬ 2017ರ ಕಾನೂನು ತಿದ್ದುಪಡಿ ದಿನಗೂಲಿಯ ಚದುರಿದ ಗುಂಪುಗಳನ್ನು ತಲುಪುವುದು ಕಷ್ಟ. ಅಂಗನವಾಡಿಯಲ್ಲಿ ಕೂರುವ ಮಕ್ಕಳು ಮೂರು ವರ್ಷ ದಾಟಿದವರು. ಅದಕ್ಕಿಂತ ಚಿಕ್ಕವರ ಪಾಲಿಗೆ ಬರುವುದು ಮನೆಗೆ ಒಯ್ಯುವ ಆಹಾರದ ಪೊಟ್ಟಣ.

ಈ ಭಾಗದ ಮಠಗಳು ನೂರು ವರ್ಷದಿಂದ ಪ್ರಸಾದನಿಲಯ, ಪಾಠಶಾಲೆ, ಕಾಲೇಜುಗಳನ್ನು ಕಟ್ಟಿ ಆರು ವರ್ಷ ದಾಟಿದ ಮಕ್ಕಳ ಮೇಲೆ ದೊಡ್ಡ ಉಪಕಾರ ಮಾಡಿವೆ. ದಾಸೋಹಕ್ಕೆ ದವಸ ಕೂಡಿಸಬಲ್ಲ, ಜಾತ್ರೆಗೆ ಸಾವಿರಾರು ಜನರನ್ನು ಸೇರಿಸಬಲ್ಲ ಈ ಸಂಸ್ಥೆಗಳಿಗೆ, ಬ್ಯಾಡಗಿಯ ಮಾರುಕಟ್ಟೆಯ ಮಗ್ಗುಲಲ್ಲಿ, ರಾಣೆಬೆನ್ನೂರಿನ ಬೀಜದ ಹೊಲಗಳ ನಡುವಿನ ಊರುಗಳಲ್ಲಿ, ಹಂಗಾಮಿನ ನಾಲ್ಕಾರು ತಿಂಗಳ ಮಟ್ಟಿಗಾದರೂ ಗಾಳಿಬೆಳಕಿನ ಒಂದು ಕೋಣೆ, ಐದಾರು ಕೂಸುಗಳಿಗೆ ಒಬ್ಬಳಂತೆ ದಿನವೂ ಬದಲಾಗದೆ ಬರುವ ಆಯಿ, ಎರಡು ಹೊತ್ತಿನ ಬಿಸಿ ಅಂಬಲಿ, ನೆಲದ ಮೇಲೆ ಹರವಿದ ಮರದ ಆಟಿಕೆ, ತಾಯಿ ನಡುವೆ ಬಂದು ಹಾಲು ಕುಡಿಸಿ ಹೋಗಲು ಒಂದು ಮೂಲೆ ಇಷ್ಟನ್ನು ಒದಗಿಸುವುದು ಶಕ್ತಿ ಮೀರಿದ ಕೆಲಸವಲ್ಲ. ಗರ್ಭದಲ್ಲಿರುವಾಗಲೇ ಮಗುವಿಗೆ ಲಿಂಗ ಕೊಡುವ ಧರ್ಮ ಅದರ ಮೊದಲ ಮೂರು ವರ್ಷಗಳ ಹೊಣೆಯನ್ನು ಒಬ್ಬ ದಣಿದ ಹೆಂಗಸಿನ ಮೇಲೆ ಬಿಟ್ಟು, ಆರನೆಯ ವರ್ಷಕ್ಕೆ ಶಾಲೆಯ ಬಾಗಿಲಲ್ಲಿ ಕಾಯುವುದು ಅದರ ಸಿದ್ಧಾಂತಕ್ಕೇ ಒಪ್ಪದ ಮಾತು. ಆ ಮೂರು ವರ್ಷದ ಹೊಣೆಯನ್ನು ಹೊರುವ ಮೊದಲ ಕೋಣೆ ಮುಂದಿನ ಮೆಣಸಿನಕಾಯಿ ಹಂಗಾಮಿಗೇ ತೆರೆಯಬಹುದು.